ಪರದೆಯ ಮೇಲಣ ಕನ್ನಡ

ವಿದ್ಯುತ್ತಿನ ಬಿಲ್ಲು ಕಟ್ಟುವುದು, ರೈಲಿನಲ್ಲಿ ಜಾಗ ಕಾದಿರಿಸುವುದು, ಪಹಣಿಯ ನಕಲು ತೆಗೆಯುವುದು, ಪರಸ್ಥಳದಲ್ಲಿ ಓದುವ ಮಗನಿಗೆ ಹಣ ಕಳಿಸುವುದು—ಇವೆಲ್ಲವೂ ಈಗ ಅಂಗೈ ಅಗಲದ ಫೋನಿನ ಪರದೆಯ ಮೇಲೆಯೇ ನಡೆದುಹೋಗುತ್ತವೆ. ಈ ಕೆಲಸಗಳು ನಡೆಯುವಷ್ಟು ಹೊತ್ತೂ ಪರದೆ ನಮ್ಮೊಡನೆ ಮಾತನಾಡುತ್ತಲೇ ಇರುತ್ತದೆ. "ನಿಮ್ಮ ಹೆಸರನ್ನು ಬರೆಯಿರಿ" ಎನ್ನುತ್ತದೆ, "ಮುಂದುವರಿಯಿರಿ" ಎನ್ನುತ್ತದೆ, "ಹಣ ಸಂದಾಯವಾಯಿತು" ಎನ್ನುತ್ತದೆ. ಒಮ್ಮೊಮ್ಮೆ ಅಚ್ಚುಕಟ್ಟಾದ ಕನ್ನಡದಲ್ಲಿಯೇ ಆಡುತ್ತದೆ. ಒಮ್ಮೊಮ್ಮೆ ನಾಲ್ಕು ಸಾಲು ಕನ್ನಡವಾಡಿ ಐದನೆಯ ಸಾಲಿನಲ್ಲಿ ಇಂಗ್ಲಿಷಿಗೆ ಹಾರಿಬಿಡುತ್ತದೆ. ಇನ್ನೊಮ್ಮೆ, ಯಾವ ಊರಿನ ಯಾವ ಮನೆಯಲ್ಲಿಯೂ ಯಾರೂ ಆಡದಂಥ ಕನ್ನಡವನ್ನು ಆಡುತ್ತದೆ.

ಇದು ಹೀಗೇಕೆ? ಯಂತ್ರಕ್ಕೆ ಕನ್ನಡ ಬರುತ್ತದೆ, ಆದರೆ ಅರೆಬರೆ ಬರುತ್ತದೆ ಎಂದು ನಮ್ಮಲ್ಲಿ ಅನೇಕರ ಎಣಿಕೆ. ನಿಜಸ್ಥಿತಿ ಹಾಗಿಲ್ಲ. ಗುಂಡಿಗಳ ಮೇಲೆ, ನಮೂನೆಗಳಲ್ಲಿ, ಸೂಚನೆಗಳಲ್ಲಿ ನಾವು ಕಾಣುವ ಕನ್ನಡದ ಬಹುಭಾಗವನ್ನು ಮೊದಲೇ ಬರೆದು ಒಂದು ಕಡೆ ಇಟ್ಟಿರುತ್ತಾರೆ. ಅದನ್ನು ಅಲ್ಲಿಂದ ತಂದು ನಮ್ಮೆದುರಿಗೆ ಇಡುವುದಷ್ಟೇ ಯಂತ್ರದ ಕೆಲಸ. ಹೀಗೆ ತರುವ ಏರ್ಪಾಡು ಯಾವುದು, ಅದರ ಶಕ್ತಿ ಎಷ್ಟು, ಅದರ ಮಿತಿ ಎಲ್ಲಿ ಎಂಬುದೇ ಈ ಹೊತ್ತಿನ ವಿಷಯ. ಕಂಪ್ಯೂಟರಿನ ಕಸುಬಿನವರಿಗೆ ಮಾತ್ರ ಸೇರಿದ ವಿಚಾರವೆಂದು ಇದನ್ನು ಬದಿಗೆ ತಳ್ಳುವಂತಿಲ್ಲ. ನಮ್ಮ ದುಡ್ಡು, ನಮ್ಮ ಜಮೀನು, ನಮ್ಮ ಒಪ್ಪಿಗೆ ಎಲ್ಲವೂ ಈಗ ಆ ಮಾತುಗಳ ಮೇಲೆ ನಿಂತಿವೆ.

ಮೊದಮೊದಲು ಪ್ರೋಗ್ರಾಂ ಬರೆಯುವವರು, ಪರದೆಯ ಮೇಲೆ ಬರಬೇಕಾದ ಮಾತನ್ನು ಪ್ರೋಗ್ರಾಮಿನ ಒಡಲಿನಲ್ಲಿಯೇ ಬರೆದುಬಿಡುತ್ತಿದ್ದರು. ಅದು ಕಲ್ಲಿನಲ್ಲಿ ಕೆತ್ತಿದ ಅಕ್ಷರದ ಹಾಗೆ. ಅದನ್ನು ಬೇರೊಂದು ಭಾಷೆಗೆ ತರಬೇಕಾದರೆ ಪ್ರೋಗ್ರಾಮಿನ ಇನ್ನೊಂದು ಪ್ರತಿಯನ್ನೇ ಮಾಡಿ ತಿದ್ದಬೇಕು. ಹತ್ತು ಭಾಷೆಗೆ ಹತ್ತು ಪ್ರತಿ. ಒಂದರಲ್ಲಿ ಲೆಕ್ಕದ ತಪ್ಪು ಸರಿಮಾಡಿದರೆ ಮಿಕ್ಕ ಒಂಬತ್ತರಲ್ಲಿಯೂ ಮಾಡಬೇಕು. ಈ ತೊಡಕಿನಿಂದ ಪಾರಾಗಲು ಕಂಡುಕೊಂಡ ಉಪಾಯ ಬಹಳ ಸರಳವಾದುದು: ಕೆಲಸ ಬೇರೆ, ಮಾತು ಬೇರೆ. ಪ್ರೋಗ್ರಾಮಿನೊಳಗೆ ಮಾತಿನ ಗುರುತು ಮಾತ್ರ ಇರಲಿ; ಮಾತುಗಳೆಲ್ಲ ಭಾಷೆಗೊಂದರಂತೆ ಪ್ರತ್ಯೇಕ ಕಡತಗಳಲ್ಲಿರಲಿ; ಬೇಕಾದಾಗ ಗುರುತು ತೋರಿಸಿ ಮಾತನ್ನು ತರಿಸಿಕೊಳ್ಳೋಣ.

ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯವರು ೧೯೯೦ರ ದಶಕದ ಮೊದಲ ವರ್ಷಗಳಲ್ಲಿ ಈ ಬಗೆಯ ಒಂದು ಏರ್ಪಾಡನ್ನು ಬಳಕೆಗೆ ತಂದರು. ಅದರ ಹೆಸರು 'ಗೆಟ್‌ಟೆಕ್ಸ್ಟ್'. 'ಬರಹವನ್ನು ತಾ' ಎಂದಷ್ಟೇ ಅದರ ಅರ್ಥ. ೧೯೯೫ರಲ್ಲಿ ಗ್ನೂ ಯೋಜನೆಯವರು ಅದೇ ಮಾದರಿಯಲ್ಲಿ ತಮ್ಮದೊಂದನ್ನು ರಚಿಸಿ, ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು ಎಂದು ಬಿಟ್ಟುಕೊಟ್ಟರು. ಅದರ ಕಡತವನ್ನು ತೆರೆದು ನೋಡಿದರೆ ಶಾಲೆಯ ಭಾಷಾಂತರದ ಪುಸ್ತಕದಂತೆ ಕಾಣುತ್ತದೆ. ಮೇಲೊಂದು ಇಂಗ್ಲಿಷ್ ವಾಕ್ಯ, ಅದರ ಕೆಳಗೆ ನಮ್ಮ ಭಾಷೆಯ ವಾಕ್ಯ. ಮತ್ತೊಂದು ಇಂಗ್ಲಿಷ್ ವಾಕ್ಯ, ಅದರ ಕೆಳಗೆ ಮತ್ತೊಂದು ನಮ್ಮದು. ಭಾಷಾಂತರಕಾರನಿಗೆ ಪ್ರೋಗ್ರಾಂ ಬರೆಯಲು ಬರಬೇಕಾಗಿಲ್ಲ. ಪ್ರೋಗ್ರಾಂ ಬರೆಯುವವನಿಗೆ ಕನ್ನಡ ಬರಬೇಕಾಗಿಲ್ಲ. ಇಬ್ಬರೂ ತಮ್ಮ ತಮ್ಮ ಕೆಲಸ ಮಾಡಬಹುದು. ಈ ಏರ್ಪಾಡು ಇಂದಿಗೂ ಬಳಕೆಯಲ್ಲಿದೆ.

ಆಮೇಲೆ ಅಂತರಜಾಲದ ಕಾಲ ಬಂದಿತು. ಅಂತರಜಾಲದಲ್ಲಿ ಯಾವ ವ್ಯವಹಾರಕ್ಕೂ ಎರಡು ಕೊನೆಗಳುಂಟು. ಒಂದು ಕೊನೆಯಲ್ಲಿ, ಎಲ್ಲವನ್ನೂ ಕೂಡಿಟ್ಟುಕೊಂಡಿರುವ ದೂರದ ಯಂತ್ರ, ಅದೇ ಸರ್ವರ್. ಕಛೇರಿಗೆ ಹೋಗಿ "ಸರ್ವರ್ ಇಲ್ಲ, ನಾಳೆ ಬನ್ನಿ" ಎಂದು ಹೇಳಿಸಿಕೊಂಡು ಹಿಂದಿರುಗದವರು ನಮ್ಮಲ್ಲಿ ಅಪರೂಪವಾದ್ದರಿಂದ ಈ ಶಬ್ದಕ್ಕೆ ವಿವರಣೆ ಬೇಡ. ಇನ್ನೊಂದು ಕೊನೆಯಲ್ಲಿ, ನಮ್ಮ ಕೈಯಲ್ಲಿರುವ ಫೋನು ಮತ್ತು ಅದರೊಳಗಿನ ಬ್ರೌಸರ್. ಮಾತಿನ ಕಡತಗಳು ಇರುವುದು ಆ ಕೊನೆಯಲ್ಲಿ. ಮಾತು ಬೇಕಾಗುವುದು ಈ ಕೊನೆಯಲ್ಲಿ. ನಡುವೆ ಓಡಾಡಲು ಒಬ್ಬ ಅಂಚೆಯವನು ಬೇಕಷ್ಟೆ. ಅವನೇ ಈ ಕಸುಬಿನವರು 'ಕ್ಲಯಂಟ್ ಲೈಬ್ರರಿ' ಎಂದು ಕರೆಯುವ ವಸ್ತು. ಲೈಬ್ರರಿ ಎಂದರೆ ಇಲ್ಲಿ ಪುಸ್ತಕ ಭಂಡಾರವಲ್ಲ. ಪದೇ ಪದೇ ಬೇಕಾಗುವ ಕೆಲಸಗಳನ್ನು ಒಬ್ಬರು ಒಮ್ಮೆ ಬರೆದಿಟ್ಟು, ಇತರರು ಎರವಲು ತಂದು ತಮ್ಮ ಪ್ರೋಗ್ರಾಮಿನೊಳಗೆ ಸೇರಿಸಿಕೊಳ್ಳುವ ಕಟ್ಟು. ೨೦೧೧ರಲ್ಲಿ ಹುಟ್ಟಿದ 'ಐ-ಏಯ್ಟೀನ್-ನೆಕ್ಸ್ಟ್' ಎಂಬುದು ಇಂಥದೊಂದು. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಸಂಸ್ಥೆಯವರೂ ಇಂಥದೊಂದನ್ನು ರಚಿಸಿ ಎಲ್ಲರಿಗೂ ಕೊಟ್ಟಿದ್ದಾರೆ.

ಈ ಅಂಚೆಯವನ ದಿನಚರಿ ಹೀಗೆ. ಮೊದಲು, ಎದುರಿಗಿರುವವರ ಭಾಷೆ ಯಾವುದೆಂದು ತಿಳಿಯುತ್ತಾನೆ. ನಾವು ಫೋನಿನಲ್ಲಿ ಆರಿಸಿರುವ ಭಾಷೆಯನ್ನು ಬ್ರೌಸರು ಒಂದು ಸಂಕೇತವಾಗಿ ತಿಳಿಸುತ್ತದೆ. ಕನ್ನಡಕ್ಕೆ 'ಕೆ-ಎನ್' ಎಂಬುದು ಸಂಕೇತ, ತುಳುವಿಗೆ 'ಟಿ-ಸಿ-ವೈ'. ಎರಡನೆಯದಾಗಿ, ಆ ಭಾಷೆಯ ಮಾತಿನ ಗಂಟನ್ನು ಸರ್ವರಿನಿಂದ ಒಟ್ಟಿಗೆ ಹೊತ್ತು ತರುತ್ತಾನೆ. ಒಂದೊಂದು ಮಾತಿಗೂ ಒಂದೊಂದು ಸಲ ಓಡಿದರೆ ಪುಟ ಮೂಡುವುದರೊಳಗೆ ಓದುವವರ ತಾಳ್ಮೆ ಮುಗಿದಿರುತ್ತದೆ; ಹಳ್ಳಿಯ ಕಡೆ ಸಿಗ್ನಲ್ಲು ಕುಂಟುತ್ತಿದ್ದರಂತೂ ಹೇಳಬೇಕಾಗಿಲ್ಲ. ಮೂರನೆಯದಾಗಿ, ತಂದ ಗಂಟನ್ನು ಫೋನಿನಲ್ಲಿಯೇ ಇಟ್ಟುಕೊಂಡು, ಮುಂದಿನ ಸಲ "ಇದರಲ್ಲಿ ಏನಾದರೂ ಬದಲಾಗಿದೆಯೆ?" ಎಂದು ಮಾತ್ರ ಕೇಳುತ್ತಾನೆ. ನಾಲ್ಕನೆಯದಾಗಿ, ಪುಟದಲ್ಲಿ ಯಾವ ಜಾಗಕ್ಕೆ ಯಾವ ಗುರುತು ಇದೆಯೋ ಆ ಗುರುತಿನ ಮಾತನ್ನು ಅಲ್ಲಿ ಇಡುತ್ತಾನೆ. ಹೆಸರು, ಮೊತ್ತ, ತಾರೀಖು ಮೊದಲಾದ ಖಾಲಿ ಬಿಟ್ಟ ಜಾಗಗಳನ್ನು ತುಂಬುತ್ತಾನೆ.

ಒಳ್ಳೆಯ ಅಂಚೆಯವನೇ. ಆದರೆ ಅಂಚೆಯವನು ವಿಳಾಸವನ್ನು ಓದುತ್ತಾನೆಯೇ ಹೊರತು ಕಾಗದವನ್ನು ಓದುವುದಿಲ್ಲ. ಒಳಗೆ ಏನು ಬರೆದಿದೆ, ಸರಿಯಾಗಿ ಬರೆದಿದೆಯೆ ಎಂಬುದು ಅವನಿಗೆ ತಿಳಿಯದು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಕೇಳಿದ ಮಾತು ಗಂಟಿನಲ್ಲಿ ಇಲ್ಲದಿದ್ದರೆ ಅವನು ಏನು ಮಾಡಬೇಕು? ಜಾಗವನ್ನು ಖಾಲಿ ಬಿಡುವುದು ಸರಿಯಲ್ಲ. ಗುಂಡಿಯ ಮೇಲೆ ಏನೂ ಇಲ್ಲದಿದ್ದರೆ ಒತ್ತುವುದು ಹೇಗೆ? ಆದುದರಿಂದ ಅವನಿಗೆ ಮೊದಲೇ ಹೇಳಿಟ್ಟಿರುತ್ತಾರೆ: ಈ ಭಾಷೆಯಲ್ಲಿ ಇಲ್ಲದಿದ್ದರೆ ಆ ಭಾಷೆಯದನ್ನು ಕೊಡು, ಅದರಲ್ಲಿಯೂ ಇಲ್ಲದಿದ್ದರೆ ಇಂಗ್ಲಿಷಿನದನ್ನು ಕೊಡು. ವಿಕಿಪೀಡಿಯದ ಏರ್ಪಾಡಿನಲ್ಲಿ ತುಳುವಿನ ಮಾತು ಸಿಗದಿದ್ದರೆ ಕನ್ನಡದ ಮಾತು ಬರುತ್ತದೆ. ಕನ್ನಡದಲ್ಲಿಯೂ ಇಲ್ಲದಿದ್ದರೆ ಇಂಗ್ಲಿಷ್ ಬರುತ್ತದೆ. ೨೦೧೬ರಲ್ಲಿ ತುಳು ವಿಕಿಪೀಡಿಯ ಪ್ರಾರಂಭವಾಯಿತಷ್ಟೆ. ಅಲ್ಲಿ ತುಳುವಿಗೆ ಇನ್ನೂ ತಾರದ ಸೂಚನೆಯ ಜಾಗದಲ್ಲಿ ಓದುಗನಿಗೆ ಕಾಣುವುದು ಕನ್ನಡ. ನೆರೆಮನೆಯವರಿಂದ ಕಡ ತಂದ ಹಾಗೆ, ಇದು ಸದ್ಯಕ್ಕೆ ಉಪಕಾರವೇ. ಅಂದರೆ, ಕನ್ನಡದಲ್ಲಿ ಒಂದು ಮಾತನ್ನು ಸರಿಯಾಗಿ ಬರೆದಿಟ್ಟರೆ ಅದು ಕನ್ನಡದ ಓದುಗನಿಗಲ್ಲದೆ ತುಳುವಿನ ಓದುಗನಿಗೂ ಒದಗುತ್ತದೆ.

ಆದರೆ ಈ ಉಪಕಾರದಲ್ಲಿ ಒಂದು ಅಪಾಯ ಅಡಗಿದೆ. ಅಂಚೆಯವನು ಬದಲಿ ಮಾತನ್ನು ಸದ್ದಿಲ್ಲದೆ ಇಟ್ಟು ಹೋಗುತ್ತಾನೆ. "ಇದರ ಕನ್ನಡ ಇನ್ನೂ ಬಂದಿಲ್ಲ" ಎಂದು ಯಾರಿಗೂ ಹೇಳುವುದಿಲ್ಲ. ಹಾಗೆ ಉಳಿದುಹೋಗುವ ಸಾಲು ಯಾವುದು? ಬಹುಮಟ್ಟಿಗೆ ಅದು ಹೊಸದಾಗಿ ಸೇರಿಸಿದ ಸಾಲು. ಹಳೆಯ ಮಾತುಗಳನ್ನು ಯಾರೋ ಎಂದೋ ಭಾಷಾಂತರಿಸಿ ಮುಗಿಸಿರುತ್ತಾರೆ. ಹೊಸ ಸಾಲನ್ನು ಏತಕ್ಕಾಗಿ ಸೇರಿಸುತ್ತಾರೆ? ಹೊಸ ನಿಯಮ ಬಂದಿದ್ದರೆ, ಹೊಸ ಶುಲ್ಕ ಬಂದಿದ್ದರೆ, ನಮ್ಮಿಂದ ಹೊಸದೊಂದು ಒಪ್ಪಿಗೆ ಬೇಕಾಗಿದ್ದರೆ. ಹೀಗಾಗಿ, "ಹೆಸರು", "ವಿಳಾಸ", "ಮುಂದೆ" ಎಂಬ ಎಲ್ಲರಿಗೂ ಗೊತ್ತಿರುವ ಮಾತುಗಳು ಕನ್ನಡದಲ್ಲಿ ಇರುತ್ತವೆ. ಪ್ರತಿ ತಿಂಗಳೂ ಇಷ್ಟು ಹಣ ಮುರಿದುಕೊಳ್ಳಲು ಒಪ್ಪಿದ್ದೇನೆ ಎಂಬ ಸಾಲು ಇಂಗ್ಲಿಷಿನಲ್ಲಿ ಉಳಿಯಬಹುದು. ಪುಟದ ತುಂಬ ಕನ್ನಡವನ್ನು ಕಂಡು ನಂಬಿಕೆಯಿಂದ ಕೆಳಗಿನವರೆಗೆ ಬಂದ ಮುದುಕಿಯೊಬ್ಬಳು, ಓದಲಾಗದ ಆ ಒಂದು ಸಾಲಿನ ಎದುರಿಗೂ ಅದೇ ನಂಬಿಕೆಯಿಂದ ಗುಂಡಿ ಒತ್ತುತ್ತಾಳೆ. ಇಡೀ ಪುಟವೇ ಇಂಗ್ಲಿಷಾಗಿದ್ದರೆ ಪಕ್ಕದ ಮನೆಯ ಹುಡುಗನನ್ನು ಕರೆದು ಕೇಳಿರುತ್ತಿದ್ದಳು. ಅರ್ಧ ಕನ್ನಡ ಅವಳನ್ನು ಎಚ್ಚರ ತಪ್ಪಿಸಿತು. ನೂರಕ್ಕೆ ತೊಂಬತ್ತೈದು ಭಾಗ ಭಾಷಾಂತರವಾಗಿದೆ ಎಂದು ಲೆಕ್ಕ ಹೇಳಿದರೆ ಸಾಲದು. ಉಳಿದ ಐದು ಭಾಗ ಯಾವುದು ಎಂದು ಕೇಳಬೇಕು.

ಇನ್ನು, ಬರೆದಿಟ್ಟ ಮಾತಿನ ಗುಣ. ಅಕ್ಷರಗಳ ತೊಂದರೆ ಈಗ ಬಹಳಮಟ್ಟಿಗೆ ಕಳೆದಿದೆ. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರೆತಿತ್ತು. ಆದರೆ ಅಕ್ಷರ ಬಂದ ಮಾತ್ರಕ್ಕೆ ವಾಕ್ಯ ಬಂದ ಹಾಗಾಗಲಿಲ್ಲ. ಇಂಗ್ಲಿಷಿನಲ್ಲಿ ಶಬ್ದಗಳನ್ನು ಇಟ್ಟಿಗೆಗಳಂತೆ ಜೋಡಿಸಬಹುದು. ಹೆಸರಿನ ಹಿಂದೆ 'ಟು' ಎಂಬ ಪದವನ್ನಿಟ್ಟರೆ ಕೆಲಸ ಮುಗಿಯಿತು, ಹೆಸರು ಯಾವುದಾದರೂ ಆಗಲಿ. ಕನ್ನಡದಲ್ಲಿ ಪ್ರತ್ಯಯ ಹೆಸರಿಗೆ ಅಂಟಿಕೊಂಡು, ಹೆಸರಿನ ಕೊನೆಗೆ ತಕ್ಕಂತೆ ರೂಪ ಬದಲಾಯಿಸುತ್ತದೆ. ಹುಬ್ಬಳ್ಳಿಗೆ, ಮೈಸೂರಿಗೆ, ಧಾರವಾಡಕ್ಕೆ. ರಾಮನಿಗೆ, ಸೀತೆಗೆ, ಗುರುವಿಗೆ. ಇದನ್ನು ಅರಿಯದೆ, ಖಾಲಿ ಜಾಗ ಬಿಟ್ಟು ಅದರ ಮುಂದೆ 'ಗೆ' ಎಂದು ಬರೆದಿಟ್ಟರೆ ಹುಬ್ಬಳ್ಳಿಗೆ ಹೋಗುವವರು ಸುಖವಾಗಿ ಹೋಗುತ್ತಾರೆ. ಮಿಕ್ಕವರು 'ಧಾರವಾಡಗೆ', 'ಮೈಸೂರುಗೆ' ಹೋಗಬೇಕಾಗುತ್ತದೆ!

ಇದಕ್ಕೆ ಪರಿಹಾರವಿದೆ, ಅದೂ ನಮ್ಮ ಭಾಷೆಯಲ್ಲಿಯೇ ಇದೆ. 'ತಲುಪುವ ಊರು' ಎಂದು ಬರೆದು ಮುಂದೆ ಊರಿನ ಹೆಸರಿಟ್ಟರೆ ಪ್ರತ್ಯಯದ ಗೊಡವೆಯೇ ಇಲ್ಲ. ವ್ಯಕ್ತಿಯ ಹೆಸರಾದರೆ 'ಅವರಿಗೆ' ಎಂದು ಸೇರಿಸಿದರಾಯಿತು: 'ರಾಮ ಅವರಿಗೆ', 'ಸೀತಾ ಅವರಿಗೆ'. ವ್ಯಾಕರಣವೂ ಉಳಿಯಿತು, ಮರ್ಯಾದೆಯೂ ಉಳಿಯಿತು. ಕ್ರಿಯಾಪದಕ್ಕೂ ಇದೇ ಮಾತು. ಬಂದನು, ಬಂದಳು ಎಂಬಲ್ಲಿ ಯಂತ್ರಕ್ಕೆ ಗಂಡು ಹೆಣ್ಣು ತಿಳಿಯದು. 'ಬಂದಿದ್ದಾರೆ' ಎಂಬ ಗೌರವದ ರೂಪ ಇಬ್ಬರಿಗೂ ಒಪ್ಪುತ್ತದೆ. ನಮ್ಮ ಹಿರಿಯರು ಸೌಜನ್ಯಕ್ಕಾಗಿ ಬಳಸುತ್ತಿದ್ದ ರೂಪವೇ ಇಲ್ಲಿ ಕಷ್ಟದಿಂದ ಪಾರುಮಾಡುತ್ತದೆ. ಆದರೆ ಹೀಗೆ ಮಾಡಬೇಕಾದರೆ ಪ್ರೋಗ್ರಾಂ ಬರೆಯುವವನು ಇಡೀ ವಾಕ್ಯವನ್ನು ಭಾಷಾಂತರಕಾರನ ಕೈಗೆ ಕೊಡಬೇಕು. ವಾಕ್ಯವನ್ನು ಮೂರು ತುಂಡು ಮಾಡಿ, ಮೊದಲ ತುಂಡನ್ನು ಇಂದು, ಮೂರನೆಯದನ್ನು ನಾಳೆ ಕೊಟ್ಟರೆ ಕರ್ತೃ ಒಂದು ಕಡೆ, ಕ್ರಿಯಾಪದ ಒಂದು ಕಡೆ ಬೀಳುತ್ತದೆ. ಕನ್ನಡದ ಕ್ರಿಯಾಪದ ಕೊನೆಯಲ್ಲಿ ಕೂರುವಂಥದು. ಅದಕ್ಕೆ ಕೊನೆಯ ಮಣೆಯನ್ನು ಬಿಟ್ಟುಕೊಡಬೇಕು.

ಸಂಖ್ಯೆಯ ವಿಷಯವೂ ಸ್ವಾರಸ್ಯವಾಗಿದೆ. ಒಂದಕ್ಕೆ ಏಕವಚನ, ಮಿಕ್ಕದ್ದಕ್ಕೆಲ್ಲ ಬಹುವಚನ ಎಂಬುದು ಇಂಗ್ಲಿಷಿನ ನಿಯಮ. ಲೋಕವೆಲ್ಲ ಹಾಗಿಲ್ಲ. ಯೂನಿಕೋಡ್ ಒಕ್ಕೂಟದವರು ಲೋಕದ ಭಾಷೆಗಳ ಇಂಥ ನಿಯಮಗಳನ್ನು ಕೂಡಿಸಿ ಒಂದು ದೊಡ್ಡ ಪಟ್ಟಿ ಇಟ್ಟಿದ್ದಾರೆ. ಅದರ ಪ್ರಕಾರ ಜಪಾನಿ ಭಾಷೆಗೆ ಒಂದೇ ರೂಪ ಸಾಕು. ಅರಬ್ಬಿಗೆ ಆರು ರೂಪ ಬೇಕು. ಕನ್ನಡಕ್ಕೆ ಎರಡು ರೂಪಗಳು. ಆದರೆ ಸೊನ್ನೆ ಬಹುವಚನದ ಕಡೆಗೆ ಸೇರದೆ ಒಂದರ ಜೊತೆಗೆ ಸೇರಿದೆ. ಅಂಚೆಯವನು ಈ ಪಟ್ಟಿಯನ್ನು ನೋಡಿ ಸರಿಯಾದ ರೂಪವನ್ನು ಆರಿಸಬಲ್ಲ. ಆದರೆ ನಾವು 'ಮೂರು ದಿನ', 'ಹತ್ತು ರೂಪಾಯಿ' ಎನ್ನುತ್ತೇವೆ, ಜನರ ಮಾತು ಬಂದಾಗ 'ಇಬ್ಬರು', 'ಮೂವರು' ಎನ್ನುತ್ತೇವೆ ಎಂಬುದು ಆ ಪಟ್ಟಿಯಲ್ಲಿಲ್ಲ. 'ಮೂರು ಸದಸ್ಯರು' ಎಂದು ಪರದೆ ಹೇಳಿದಾಗ ಕಿವಿಗೆ ಕಸಿವಿಸಿಯಾಗುವುದು ಇದರಿಂದಲೇ. '೩ ಮಂದಿ ಸದಸ್ಯರು' ಎಂದು ಬರೆದಿಟ್ಟಿದ್ದರೆ ಸರಿಹೋಗುತ್ತಿತ್ತು. ಹಾಗೆ ಬರೆಯಲು ಮನೆಯಲ್ಲಿ ಕನ್ನಡ ಆಡುವವರೇ ಬೇಕು.

ಮೂರನೆಯ ಮಾತು ಸಂದರ್ಭದ್ದು. ಭಾಷಾಂತರಕಾರನ ಎದುರಿಗೆ 'ಓಪನ್' ಎಂಬ ಒಂದೇ ಶಬ್ದ ಬಂದು ಬೀಳುತ್ತದೆ. ಕಡತವನ್ನು ತೆರೆ ಎಂದೋ, ಅಂಗಡಿ ತೆರೆದಿದೆ ಎಂದೋ? 'ಬುಕ್' ಎಂಬುದು ಬಂದರೆ ಪುಸ್ತಕವೋ, ಕಾದಿರಿಸುವುದೋ? ಶಬ್ದಕೋಶ ಎರಡನ್ನೂ ಹೇಳುತ್ತದೆ. ಯಾವುದೆಂದು ಹೇಳಬಲ್ಲವನು ಪ್ರೋಗ್ರಾಂ ಬರೆದವನೊಬ್ಬನೇ. ಇದರಿಂದ ಆಗುವ ಪೇಚಾಟಕ್ಕೆ ಒಂದು ಉದಾಹರಣೆ. "ಈ ಟಿಕೆಟ್ಟನ್ನು ರದ್ದು ಮಾಡಬೇಕೆ?" ಎಂದು ಪರದೆ ಕೇಳುತ್ತದೆ, ಕೆಳಗೆ ಎರಡು ಗುಂಡಿ, ಒಂದರ ಮೇಲೆ 'ಸರಿ', ಇನ್ನೊಂದರ ಮೇಲೆ 'ರದ್ದು'. ಟಿಕೆಟ್ಟು ಬೇಡವಾದವನು ಯಾವುದನ್ನು ಒತ್ತಬೇಕು? 'ರದ್ದು' ಎಂದರೆ ಟಿಕೆಟ್ಟಿನ ರದ್ದೋ, ರದ್ದು ಮಾಡುವ ಕೆಲಸದ ರದ್ದೋ? ಬೇರೆಲ್ಲಿಗೋ ಬರೆದಿಟ್ಟ 'ರದ್ದು' ಎಂಬ ಮಾತನ್ನೇ ಅಂಚೆಯವನು ಇಲ್ಲಿಗೂ ತಂದಿದ್ದಾನೆ. ಗುರುತು ಒಂದೇ ಆದ್ದರಿಂದ ಅವನ ತಪ್ಪಿಲ್ಲ. 'ಟಿಕೆಟ್ ರದ್ದು ಮಾಡಿ', 'ಟಿಕೆಟ್ ಇರಲಿ' ಎಂದು ಎರಡು ಬೇರೆ ಬೇರೆ ಮಾತುಗಳಿದ್ದರೆ ಯಾರಿಗೂ ಗೊಂದಲವಿಲ್ಲ.

ವಿಕಿಪೀಡಿಯದ ಸೂಚನೆಗಳನ್ನು ಭಾಷಾಂತರಿಸುವ 'ಟ್ರಾನ್ಸ್‌ಲೇಟ್‌ವಿಕಿ' ಎಂಬ ತಾಣದಲ್ಲಿ ಇದಕ್ಕೊಂದು ಒಳ್ಳೆಯ ಪದ್ಧತಿಯಿದೆ. ಫಿನ್‌ಲೆಂಡಿನ ನಿಕ್ಲಾಸ್ ಲಾಕ್ಸ್‌ಸ್ಟ್ರೋಮ್ ಎಂಬವರು ಪ್ರಾರಂಭಿಸಿದ ತಾಣ ಅದು. ಕನ್ನಡಕ್ಕೊಂದು, ತುಳುವಿಗೊಂದು ಸಂಕೇತವಿರುವಂತೆ ಅಲ್ಲಿ 'ಕ್ಯೂ-ಕ್ಯೂ-ಕ್ಯೂ' ಎಂಬ ಸಂಕೇತವೂ ಇದೆ. ಅದು ಯಾರ ಭಾಷೆಯೂ ಅಲ್ಲ. ಪ್ರತಿಯೊಂದು ಮಾತೂ ಎಲ್ಲಿ ಕಾಣಿಸುತ್ತದೆ, ಗುಂಡಿಯೋ ಶೀರ್ಷಿಕೆಯೋ, ಖಾಲಿ ಜಾಗದಲ್ಲಿ ಏನು ಬರುತ್ತದೆ ಎಂಬ ವಿವರಣೆಯನ್ನು ಅದರ ಕೆಳಗೆ ಬರೆದಿಡುತ್ತಾರೆ. ಭಾಷಾಂತರಕಾರ ಅದನ್ನು ಓದಿಕೊಂಡು ತನ್ನ ಮಾತನ್ನು ಬರೆಯುತ್ತಾನೆ. ಎರಡು ಸಾಲಿನ ಈ ಟಿಪ್ಪಣಿಯಿಂದ ಆಗುವ ಉಪಕಾರ ದೊಡ್ಡ ಶಬ್ದಕೋಶದಿಂದಲೂ ಆಗದು.

ಈಚಿನ ವರ್ಷಗಳಲ್ಲಿ ಬರೆದಿಟ್ಟ ಮಾತು ಇಲ್ಲದ ಕಡೆ ಯಂತ್ರಾನುವಾದದಿಂದ ತುಂಬಿಸುವುದೂ ಉಂಟು. ಯಂತ್ರಾನುವಾದ ಮೊದಲಿಗಿಂತ ಬಹಳ ಸುಧಾರಿಸಿದೆ; ಅದನ್ನು ಹಳಿಯಬೇಕಾಗಿಲ್ಲ. ಆದರೆ ಒಂಟಿ ಶಬ್ದವೊಂದನ್ನು ಸಂದರ್ಭವಿಲ್ಲದೆ ಕೊಟ್ಟರೆ ಮನುಷ್ಯನಿಗೆ ಆಗುವ ತೊಡಕೇ ಅದಕ್ಕೂ ಆಗುತ್ತದೆ. ಮನುಷ್ಯನಾದರೆ "ಇದು ಎಲ್ಲಿಯ ಮಾತು?" ಎಂದು ಕೇಳಿಯಾನು. ಅಂಥ ಕಡೆ ಯಂತ್ರ ಬಹುಮಟ್ಟಿಗೆ ಕೇಳದೆಯೇ ಬರೆದುಬಿಡುತ್ತದೆ. ಆದುದರಿಂದ ಅದು ಬರೆದದ್ದನ್ನು, ಹಣಕ್ಕೂ ಒಪ್ಪಿಗೆಗೂ ಸಂಬಂಧಪಟ್ಟ ಸಾಲುಗಳನ್ನಾದರೂ, ಭಾಷೆ ಬಲ್ಲವರೊಬ್ಬರು ಪರದೆಯ ಮೇಲೆಯೇ ಇಟ್ಟು ಓದಿ ನೋಡಬೇಕು. ಕಡತದಲ್ಲಿ ಸರಿಯಾಗಿ ಕಂಡದ್ದು ಗುಂಡಿಯ ಮೇಲೆ ಅರ್ಧಕ್ಕೆ ಕತ್ತರಿಸಿಹೋಗಿರಬಹುದು.

ಇದರಲ್ಲಿ ನಾವು ಮಾಡಬಹುದಾದದ್ದೇನು? ಮೊದಲನೆಯದು ಬಹು ಸುಲಭ. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿಕೊಳ್ಳುವುದು. ನಾವು ಕೇಳದಿದ್ದರೆ 'ಕೆ-ಎನ್' ಎಂಬ ಸಂಕೇತ ಹೊರಡುವುದೇ ಇಲ್ಲ. ಕನ್ನಡದ ಗಂಟನ್ನು ಕೇಳಿ ಯಾರೂ ಬರುತ್ತಿಲ್ಲವೆಂದು ಆ ಕಡೆಯವರು ತಿಳಿದರೆ ಅವರನ್ನು ದೂರುವಂತಿಲ್ಲ. ಎರಡನೆಯದು, ತಪ್ಪು ಕಂಡಾಗ ನಕ್ಕು ಬಿಟ್ಟುಬಿಡದೆ ತಿಳಿಸುವುದು. ಕಲ್ಲಿನಲ್ಲಿ ಕೆತ್ತಿದ ಮಾತಾಗಿದ್ದರೆ ತಿದ್ದುವುದು ಕಷ್ಟವಾಗುತ್ತಿತ್ತು. ಇದು ಕಡತದಲ್ಲಿರುವ ಮಾತು. ಒಬ್ಬರು ಒಂದು ಸಾಲು ತಿದ್ದಿದರೆ, ಅಂಚೆಯವನು ಮುಂದಿನ ಸಲ ಹೋದಾಗ ತಿದ್ದಿದ್ದನ್ನೇ ಎಲ್ಲರ ಮನೆಗೂ ತಲುಪಿಸುತ್ತಾನೆ. ಪ್ರೋಗ್ರಾಮನ್ನು ಮುಟ್ಟಬೇಕಾಗಿಯೂ ಇಲ್ಲ. ಮೂರನೆಯದು, ಬಿಡುವಿರುವವರು ಈ ಕೆಲಸಕ್ಕೆ ಕೈಹಾಕುವುದು. ಟ್ರಾನ್ಸ್‌ಲೇಟ್‌ವಿಕಿಯಂಥ ತಾಣಗಳಲ್ಲಿ ದುಡಿಯುವವರು ಬಹುಮಟ್ಟಿಗೆ ಸ್ವಂತ ಇಚ್ಛೆಯಿಂದ ಬಂದವರು. ನಿವೃತ್ತರಾದ ಉಪಾಧ್ಯಾಯರು, ಕಛೇರಿಯ ಪತ್ರವ್ಯವಹಾರದಲ್ಲಿ ಪಳಗಿದವರು, ಮನೆಯಲ್ಲಿದ್ದು ಓದು ಬರಹ ಇಟ್ಟುಕೊಂಡಿರುವ ಗೃಹಿಣಿಯರು ಇವರಿಗೆಲ್ಲ ಇದು ಒಗ್ಗುವ ಕೆಲಸ. ದಿನಕ್ಕೆ ಹತ್ತು ಸಾಲು ಸಾಕು.

ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಬೆಂಗಳೂರಿನಲ್ಲಿ ಪ್ರೋಗ್ರಾಂ ಬರೆಯುವ ಕೆಲಸದಲ್ಲಿದ್ದರೆ ಅವರನ್ನು ಮೂರು ಪ್ರಶ್ನೆ ಕೇಳಿ ನೋಡಿ. ನೀನು ಭಾಷಾಂತರಕ್ಕೆ ಕೊಡುವುದು ಇಡೀ ವಾಕ್ಯವನ್ನೋ, ತುಂಡನ್ನೋ? ಅದು ಎಲ್ಲಿಯ ಮಾತೆಂದು ಎರಡು ಸಾಲು ವಿವರಣೆ ಬರೆದಿದ್ದೀಯಾ? ಕನ್ನಡ ಸಿಗದೆ ಇಂಗ್ಲಿಷ್ ಬಂದಾಗ ಅದನ್ನು ಗುರುತು ಹಾಕಿಕೊಂಡು ನಿನಗೆ ತಿಳಿಸುವ ಏರ್ಪಾಡು ಇದೆಯೆ? ಈ ಮೂರಕ್ಕೂ ಹೌದೆನ್ನುವ ಉತ್ತರ ಬಂದರೆ ಆ ಪರದೆಯ ಕನ್ನಡವನ್ನು ನಂಬಬಹುದು.

ತರುವ ಕೆಲಸವನ್ನು ಯಂತ್ರ ಚೆನ್ನಾಗಿ ಕಲಿತಿದೆ. ದಣಿಯದೆ ಹಗಲಿರುಳೂ ತರುತ್ತದೆ. ಏನನ್ನು ತರಬೇಕು ಎಂಬುದನ್ನು ಬರೆದಿಡುವ ಕೆಲಸ ಮಾತ್ರ ಕನ್ನಡ ಆಡುವವರದಾಗಿಯೇ ಉಳಿದಿದೆ. ಅದನ್ನು ಬೇರೆಯವರು ನಮಗಾಗಿ ಮಾಡಲಾರರು. ಮಾಡಿದರೆ ಹೇಗಿರುತ್ತದೆ ಎಂಬುದನ್ನು ನಾವು ಆಗಲೇ ಕಂಡಿದ್ದೇವೆ.